ಗಂಜಿನಾಗ ಗುರುವಾರ

ಇಪ್ಪತ್ತೆರಡು ವರ್ಷ ಆಯ್ತು ನೋಡ್ರಿ,
ಕಲಬುರಗಿ ಗಂಜಿನ ಹಿಂದಿನ ಓಣ್ಯಾಗ
ಡಾಕ್ಟರ್ ಸಾಹೇಬರ ಪರದೆ ಈಚೆ ಕುಂತು
ಸೂಜಿ ಹಾಕೋದು ನನ್ನ ಕೆಲಸ.
ತೊಗರಿ ಧೂಳು ಬಾಗಿಲು ಬಡದು ಒಳಗ ಬರಲ್ಲ;
ಟ್ರೇ, ಹತ್ತಿ, ನನ್ನ ಹುಬ್ಬು,
ಎಲ್ಲಾದರ ಮ್ಯಾಲೂ ಒಂದು ತೆಳು ಹಳದಿ.

ಹಮಾಲ ಸಾಯಬಣ್ಣ ಪ್ರತಿ ಗುರುವಾರ ಬರ್ತಿದ್ದ,
ಟೊಂಕಕ್ಕ ಸಿಕ್ಕಿಸಿದ ಕೊಕ್ಕಿ ಮೂಲ್ಯಾಗಿಟ್ಟು
"ಬಾಯಾರ, ಆ ನೀರಿನಂಥ ದವಾ ಹಾಕ್ರಿ."
ನೀರಿನಂಥದೇ. ಎರಡು ಎಂ.ಎಲ್.
ಸಂಜಿಗೆ ಟೊಂಕ ಅದನೋ ಇಲ್ಲೋ ಅನ್ನುವಷ್ಟು ಹಗುರ,
ಮರುದಿನ ಇಪ್ಪತ್ತು ಚೀಲ ಹೆಚ್ಚು.
ವರ್ಷ ತುಂಬೋದ್ರಾಗ ಮಾರಿ ದುಂಡಗಾತು, ಹುಣ್ಣಿವಿ ಚಂದ್ರನಂಗ.
"ಛಲೋ ಉಣ್ತಿ ಬಿಡಪಾ" ಅಂದ್ರು ಅಡತಿ ಸಾಹುಕಾರ್ರು.
ಅವ ನಕ್ಕ. ನಾನೂ ನಕ್ಕೆ.
ಅದು ಉಂಡ ಮಾರಿ ಅಲ್ಲಂತ ನನಗ ಗೊತ್ತಿತ್ತು.

ಅಡತಿ ಕಾಟಾ ಚೀಲ ತೂಗ್ತದ.
ಚೀಲದ ಕೆಳಗಿನ ಮನುಷ್ಯಾನ ಉಚ್ಚಿ
ಯಾರು ಪರೀಕ್ಷಾ ಮಾಡ್ತಾರ?

ಅವನ ಮಗ ಬಂದ ಒಂದಿನ, ಭೀಮಶಾ.
ರಿಂಗ್ ರೋಡಿನ ಜಿಮ್ಮಿನ್ಯಾಗ ಬೆಳದ ರಟ್ಟಿ,
ಅಂಗಿ ಹರಿಯೋದೊಂದು ಬಾಕಿ.
ಕರ್ಚೀಪಿನ ಗಂಟು ಬಿಚ್ಚಿದ:
ಬೆರಳುದ್ದ ಬಾಟ್ಲಿ, ಒಳಗ ಎಣ್ಣಿ,
ಮ್ಯಾಲ ನನಗ ಓದ್ಲಿಕ್ಕ ಬರದ ಲಿಪಿ.
ಸೊಲ್ಲಾಪುರದಿಂದ ತರಿಸ್ಯಾನಂತ.
"ಮುಂದಿನ ತಿಂಗಳು ಕಾಂಪಿಟಿಷನ್ ಅದ ಅತ್ತಿ,
ನನ್ನ ಕೈ ನಡಗ್ತದ. ನೀವೇ ಹಾಕ್ರಿ."

ಶಾಲಿ ಪಾಠ ಒಪ್ಪಿಸಿದಂಗ ಹೇಳಿದೆ:
ಗುಂಡಿಗಿ ದಪ್ಪ ಆಗ್ತದ, ಲಿವರ್ ಕೆಡ್ತದ,
ನಾಳೆ ಲಗ್ನ ಆದಮ್ಯಾಲ ಮಕ್ಕಳ ಆಸೆ ಕಷ್ಟ.
"ಗೊತ್ತದ್ರಿ" ಅಂದ, ಹುಳುಕು ಹಲ್ಲಿನ ಸುದ್ದಿ ಕೇಳಿದಂಗ.
ಅಲ್ಲಿಗೇ ನಿಲ್ಲಬೇಕಿತ್ತು ನಾನು.
"ಅದು ಮೋಸ ಅಲ್ಲೇನೋ?" ಅಂದುಬಿಟ್ಟೆ.

"ಅಪ್ಪಂದು?"

ಫ್ಯಾನು ತಿರಗ್ತಿತ್ತು.
"ಬ್ಯಾನಿಗೆ ಕೊಟ್ಟದ್ದು" ಅಂದೆ.
"ಬ್ಯಾನಿ ಎಲ್ಲಿ ಹೋಗಿತ್ತ್ರಿ ಅತ್ತಿ,
ಬ್ಯಾನಿ ಬಾಯಿಗೆ ಬಟ್ಟಿ ತುರುಕಿದ್ರಿ.
ಆ ಚೀಲದ ರೊಕ್ಕ ಊರ ಮಂದಿ ಎಣಿಸ್ಯಾರ,
ಒಬ್ಬರಿಗೂ ಮೋಸ ಕಾಣಲಿಲ್ಲ.
ನಾ ಎತ್ತೋ ಕಬ್ಬಿಣ ಎತ್ತಿದಲ್ಲೇ ಇಳೀತದ,
ಯಾರ ಗೋದಾಮಿಗೂ ಹೋಗಲ್ಲ.
ಮೈ ನನಗ ಅಂತ ಬೇಕಾತಲ್ಲ, ಅದಕ್ಕ ಮೋಸ."

ಉತ್ತರ ಇತ್ತು ನನ್ನ ಹತ್ತಿರ.
ಅದೂ ಸ್ಟಿರಾಯ್ಡು, ಇದೂ ಸ್ಟಿರಾಯ್ಡು, ಒಂದೇ ಅಡ್ಡಹೆಸರಿನ ದಾಯಾದಿಗಳು:
ಒಂದು ಮಾಂಸ ಕಟ್ತದ, ಒಂದು ಎಲುಬು ತಿಂತದ.
ಆ ಎಲುಬು ತಿನ್ನೋದೇ, ಹೋದ ದೀಪಾವಳಿ ರಾತ್ರಿ,
ತುಟಿ ನೀಲಿಗಟ್ಟಿದ ನನ್ನ ಮೊಮ್ಮಗಳ ಮೈಯಾಗ ಇಳಿದು
ಉಸಿರು ಹಿಡಕೊಂಡು ಬಂದಿತ್ತು.
ಕೂಸಿಗೆ ಕೊಟ್ಟೆ, ಉಸಿರಿಗಂತ.
ಸಾಯಬಣ್ಣಗ ಕೊಟ್ಟೆ. ಯಾತಕ್ಕಂತ? ಚೀಲಕ್ಕ.
ಕನ್ನಡಿಗಂತ ಕೇಳಾಕತ್ತಿದವನ ಮುಂದ
ಉತ್ತರ ಇತ್ತು, ಹೇಳ್ಲಿಕ್ಕ ಮಾರಿ ಇರಲಿಲ್ಲ.

"ನಾ ಹಾಕಲ್ಲಪಾ."
ಗಂಟು ಕಟ್ಟಿಕೊಂಡ. ಹೋಗುವಾಗ
ಬಾಗಿಲು ಸಾವಕಾಶ ಮುಚ್ಚಿದ. ಬಡಿದಿದ್ರ ಬೇಸಿರ್ತಿತ್ತು.

ಈಗ ಚೌಕದಾಗ ಬ್ಯಾನರ್ ಕಟ್ಯಾರ:
ನರ ನರ ಎದ್ದ ಮೈ, ಎರಡನೇ ಬಹುಮಾನ.
ಸಂತಿ ಚೀಲ ಹಿಡಕೊಂಡು ನಿಂತೆ,
ಅವನ ತೊಡಿ ಮ್ಯಾಲ ಸೂಜಿ ತೂತು ಹುಡುಕ್ತಾ,
ಆಟೋದವ ಬೈಯೋತನಕ.
ಹಚ್ಚಿದ ಎಣ್ಣಿ ಹೊಳೀತಿತ್ತು, ಅಷ್ಟೇ.

ಬ್ಯಾನರಿನ ನೆರಳಿನ್ಯಾಗ ಸಾಯಬಣ್ಣ ಕುಂತಿದ್ದ.
ಖಾಲಿ ಕೊಡ ಎತ್ತಲಿಕ್ಕ ಬಾಗಿ
ಟೊಂಕದ ಕೀಲು ಮುರಕೊಂಡವ, ಬಗಲಾಗ ಬಡಗಿ.
"ನೋಡ್ರಿ ಬಾಯಾರ, ಆ ರಟ್ಟಿ ನಂದೇ.
ನಮ್ಮ ಮನಿತನದ್ದು, ರಕ್ತದಾಗ ಬಂದದ್ದು."
ಅಂಗಿ ತೋಳು ಮ್ಯಾಲೇರಿಸಿ ತೋರಿಸಿದ:
ಚರ್ಮ ಹಳೇ ಪೇಪರಿನಂಗ, ಅಲ್ಲಲ್ಲಿ ಹಸಿರು ಕಲೆ.
ಏರಿಸಿದ ತೋಳು ಇಳಿಸಲೇ ಇಲ್ಲ.

"ಇವತ್ತು ಗುರುವಾರ ಅಲ್ಲೇನ್ರಿ?"